ನೌಕರಿ ಬಿಟ್ಟು ತಿಗರಿ ಹಿಡಿಯುವ ಮುನ್ನ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ವಯಸ್ಸಿನವರಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ಕಸುಬು ಮತ್ತೆ ಮತ್ತೆ ಎದುರಾಯಿತು: ಸ್ಟುಡಿಯೊ ಕುಂಬಾರಿಕೆ. ಅದಕ್ಕೇ ಇಡೀ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರುಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ನನಗೆ 31 ವರ್ಷ. ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಾರಾಂತ್ಯದ ಮೂರು ಕಾರ್ಯಾಗಾರಗಳಲ್ಲಿ ಭಾಗವಹಿಸಿದೆ. ಎರಡು ಬಟ್ಟಲು ಚೆನ್ನಾಗಿ ಬಂದವು. ಅಂದಿನಿಂದ ಬೇರೇನೂ ತಲೆಗೆ ಹತ್ತುತ್ತಿಲ್ಲ. ಮುಂದಿನ ತಿಂಗಳು ರಾಜೀನಾಮೆ ಕೊಟ್ಟು ಇದನ್ನೇ ಬದುಕು ಮಾಡಿಕೊಳ್ಳಬೇಕೆಂದಿದ್ದೇನೆ. ಸರಿಯೇ? – ಓದುಗರು, ಬೆಂಗಳೂರು

ಉತ್ತರ: ಮುಂದಿನ ತಿಂಗಳು ಬೇಡ. ಕಾರ್ಯಾಗಾರದಲ್ಲಿ ನಿಮ್ಮ ಕೈಗೆ ಬಂದ ಮಣ್ಣನ್ನು ಬೇರೆಯವರು ನಾದಿ, ಗಾಳಿ ತೆಗೆದು, ಉಂಡೆ ಕಟ್ಟಿ ಇಟ್ಟಿರುತ್ತಾರೆ. ನೀವು ಎದ್ದು ಹೋದ ಮೇಲೆ ಬಟ್ಟಲಿನ ತಳ ಕೆರೆದವರು, ಒಣಗಿಸಿದವರು, ಗ್ಲೇಜ್ (ಗಾಜಿನಂಥ ಲೇಪ) ಹಚ್ಚಿ ಸುಟ್ಟವರೂ ಬೇರೆಯವರೇ. ಇಡೀ ಕಸುಬಿನಲ್ಲಿ ತಿಗರಿಯ, ಅಂದರೆ ಕುಂಬಾರನ ಚಕ್ರದ, ಮುಂದೆ ಕೂರುವ ಹೊತ್ತು ಕಾಲು ಭಾಗವಿದ್ದರೆ ಹೆಚ್ಚು. ಉಳಿದ ಮುಕ್ಕಾಲು ಹೊರುವುದು, ತೊಳೆಯುವುದು, ಸೋಸುವುದು, ಕಿಲ್ನ್ (ಪಾತ್ರೆ ಸುಡುವ ಗೂಡು) ತುಂಬುವುದು, ಇಳಿಸುವುದು, ಪೊಟ್ಟಣ ಕಟ್ಟುವುದು. ನೀವು ಮನಸೋತದ್ದು ಆ ಕಾಲು ಭಾಗಕ್ಕೆ. ಮುಕ್ಕಾಲು ಭಾಗವೂ ಹಿಡಿಸುತ್ತದೆಯೇ ಎಂಬುದು ಇನ್ನೂ ನಿಮಗೇ ಗೊತ್ತಿಲ್ಲ.

ನೌಕರಿಯಲ್ಲಿದ್ದುಕೊಂಡೇ ಇದನ್ನು ಪರೀಕ್ಷಿಸಬಹುದು, ಖರ್ಚೂ ಕಡಿಮೆ. ಮೊದಲ ಆರು ತಿಂಗಳು ಕಿಲ್ನ್ ಬೇಕಿಲ್ಲ, ಏಕೆಂದರೆ ಆ ಅವಧಿಯಲ್ಲಿ ಮಾಡಿದ್ದನ್ನು ಸುಡುವ ಅಗತ್ಯವೇ ಇಲ್ಲ. ಸುಡದ ಮಣ್ಣನ್ನು ಎಷ್ಟು ಸಲವಾದರೂ ಮರಳಿ ಬಳಸಬಹುದು. ಗಂಟೆಯ ಲೆಕ್ಕದಲ್ಲಿ ತಿಗರಿ ಬಾಡಿಗೆಗೆ ಕೊಡುವ ಸ್ಟುಡಿಯೊ ನಿಮ್ಮ ಊರಿನಲ್ಲಿ ಸಿಗುತ್ತದೆ. 20 ಕಿಲೋ ಮಣ್ಣು ಕೊಂಡು 500 ಗ್ರಾಮಿನ ಉಂಡೆಗಳನ್ನು ತೂಕ ಹಾಕಿ ಕಟ್ಟಿಕೊಳ್ಳಿ. ಒಂದು ಸಲ ಕೂತರೆ 12 ಉಂಡೆ, 12 ಬಟ್ಟಲು. ಅಳತೆ ಮೊದಲೇ ಬರೆದಿಡಿ: 8 ಸೆಂ.ಮೀ. ಎತ್ತರ, 14 ಸೆಂ.ಮೀ. ಬಾಯಿ. ಮುಗಿದ ಮೇಲೆ ಮೂರನ್ನು ತಂತಿಯಿಂದ ನಡುಮಧ್ಯೆ ಸೀಳಿ ನೋಡಿ. ಗೋಡೆ ಬುಡದಿಂದ ಬಾಯಿಯವರೆಗೆ 5–6 ಮಿ.ಮೀ. ಒಂದೇ ಸಮ ಇರಬೇಕು. ಹೊಸಬರ ಬಟ್ಟಲಿನಲ್ಲಿ ಬುಡದ ಹತ್ತಿರ 12 ಮಿ.ಮೀ., ಬಾಯಿಯ ಹತ್ತಿರ 3 ಮಿ.ಮೀ. ಇರುತ್ತದೆ. ಮಣ್ಣನ್ನು ಮೇಲೆತ್ತುವ ಬದಲು ಹೊರಕ್ಕೆ ತಳ್ಳಿದ್ದರ ಗುರುತು ಅದು. ಉಳಿದ ಒಂಬತ್ತನ್ನೂ ಮುದ್ದೆ ಮಾಡಿ. ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುವ ಆಸೆ ಬಿಡದವರು ನಿಧಾನ ಕಲಿಯುತ್ತಾರೆ.

ಮುದ್ದೆ ಮಾಡಿದ ಮಣ್ಣನ್ನು ಮರಳಿ ಹದಕ್ಕೆ ತರುವುದರಲ್ಲಿ ಎಡವುವವರು ಬಹಳ. ಅರೆ ಹಸಿ ಮಣ್ಣಿಗೆ ನೀರು ಸುರಿದರೆ ಹೊರಗೆ ರಾಡಿ, ಒಳಗೆ ಗಟ್ಟಿ ಗಂಟು. ಮೊದಲು ಪೂರ್ತಿ ಒಣಗಿಸಿ, ಪುಡಿ ಮಾಡಿ, ಆಮೇಲೆ ನೀರಿಗೆ ಹಾಕಿ. ಒಣ ಮಣ್ಣು ತಾನಾಗಿ ಬಿರಿದು ಕರಗುತ್ತದೆ. ಮಾರನೆಯ ದಿನ ಮೇಲಿನ ನೀರು ಚೆಲ್ಲಿ, ರಾಡಿಯನ್ನು ಪ್ಲಾಸ್ಟರ್ ಹಲಗೆಯ ಮೇಲೆ ಹರಡಿ, ಕೈಗೆ ಅಂಟದ ಹದಕ್ಕೆ ಬಂದಾಗ ತೆಗೆದು ನಾದಿ. ಪ್ಲಾಸ್ಟರಿನ ಚೂರು ಮಾತ್ರ ಸೇರದಂತೆ ನೋಡಿಕೊಳ್ಳಿ. ಕಾಳಿನಷ್ಟು ಸೇರಿದರೂ ಸುಟ್ಟು ಕೆಲವು ದಿನವಾದ ಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಪಾತ್ರೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ.

12 ಬಟ್ಟಲುಗಳ ಎತ್ತರ, ಅಗಲದ ವ್ಯತ್ಯಾಸ 5 ಮಿ.ಮೀ. ಒಳಗೆ ಬಂದ ದಿನ ನಿಮಗೆ ತಿಗರಿ ಬಂತು ಎನ್ನಬಹುದು. ವಾರಕ್ಕೆ ಮೂರು ದಿನ ಎರಡೆರಡು ಗಂಟೆ ಕೂತರೂ ಇದಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಅದಾದ ಮೇಲೆ ಇನ್ನೊಂದು ವರ್ಷ ಗ್ಲೇಜ್, ಸುಡುವಿಕೆ, ಮಾರಾಟ. ರಾಜೀನಾಮೆಯ ಮಾತು ಆಮೇಲೆ. ಆಗಲೂ ಕಿಲ್ನ್‌ಗೆ ಎತ್ತಿಟ್ಟ ದುಡ್ಡು ಬಿಟ್ಟು, ಮನೆ ಖರ್ಚಿಗೆ ಹದಿನೆಂಟು ತಿಂಗಳ ಹಣ ಕೈಯಲ್ಲಿರಲಿ ಎಂಬುದು ನಮ್ಮ ಅಭಿಪ್ರಾಯ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯಲ್ಲಿ ಎಲ್ಲರಿಗೂ ನೆನಪಿರುವುದು ದೊಣ್ಣೆ. ನಿಮಗೆ ಬೇಕಾದದ್ದು ಆ ವರುಷ.

ಪ್ರಶ್ನೆ: ಮಗಳು ಬಿ.ಕಾಂ. ಮುಗಿಸಿದ್ದಾಳೆ. ಬ್ಯಾಂಕ್ ಪರೀಕ್ಷೆ ಬರೆ ಎಂದರೆ ಮಣ್ಣಿನ ಕೆಲಸ ಕಲಿಯುತ್ತೇನೆ ಎನ್ನುತ್ತಾಳೆ. ಮನೆಯಲ್ಲಿ ದಿನಾ ಜಗಳ. ಕಳಿಸುವುದಾದರೆ ಎಲ್ಲಿಗೆ ಕಳಿಸಬೇಕು? – ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಜಗಳದ ತೀರ್ಮಾನ ನಮ್ಮ ಕೈಯಲ್ಲಿಲ್ಲ. ದಾರಿಗಳನ್ನು ಹೇಳುತ್ತೇವೆ. ಹತ್ತಿರದ್ದು, ಖರ್ಚು ಕಡಿಮೆಯದ್ದು ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿರುವ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ. ಅಲ್ಲಿನ ಒತ್ತು ಕಸುಬಿನ ಮೇಲೆ, ‘ಕಲೆ’ಯ ಮೇಲೆ ಅಷ್ಟಾಗಿ ಅಲ್ಲ. ಮೊದಲ ಪಾಠಕ್ಕೆ ಅದು ಒಳ್ಳೆಯದೇ. ಯಾವ ತರಬೇತಿ ಯಾವಾಗ ಶುರು ಎಂಬುದನ್ನು ಹೋಗುವ ಮುನ್ನ ವಿಚಾರಿಸಿ.

ದೂರ ಕಳಿಸಲು ತಯಾರಿದ್ದರೆ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಅಂದ್ರೆಟ್ಟಾ ಎಂಬ ಹಳ್ಳಿಯಿದೆ. ಭಾರತದ ಸ್ಟುಡಿಯೊ ಕುಂಬಾರಿಕೆಯ ಹಿರಿಯ ಗುರುಚರಣ್ ಸಿಂಗ್ ನೆಲೆಸಿದ ಊರು ಅದು. ಅಲ್ಲೇ ಉಳಿದು ಕಲಿಯುವ ತರಬೇತಿಗೆ ಹೆಸರಾದ ಜಾಗ. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಕಟ್ಟಿದ ಗೋಲ್ಡನ್ ಬ್ರಿಜ್ ಪಾಟರಿಯಿಂದ ಕಲಿತು ಬಂದವರು ದೇಶದಾದ್ಯಂತ ಸ್ಟುಡಿಯೊ ನಡೆಸುತ್ತಿದ್ದಾರೆ. ಪುದುಚೇರಿ, ಆರೋವಿಲ್‌ ಸುತ್ತ ಕಲಿಸುವವರು ಇಷ್ಟೊಂದು ಜನ ಇರುವುದು ಅದರಿಂದಲೇ. ಪದವಿಯೇ ಬೇಕೆಂದರೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಸೆರಾಮಿಕ್ ಮತ್ತು ಗಾಜಿನ ವಿನ್ಯಾಸದಲ್ಲಿ ಸ್ನಾತಕೋತ್ತರ ಕೋರ್ಸ್ ಇದೆ. ಪ್ರವೇಶ ಪರೀಕ್ಷೆ ಕಠಿಣ, ಬಿ.ಕಾಂ. ಆದವರೂ ಬರೆಯಬಹುದು.

ಒಂದು ಮಾತು: ಬಿ.ಕಾಂ. ವ್ಯರ್ಥವಾಯಿತು ಎಂದು ಕೊರಗಬೇಡಿ. ಸ್ಟುಡಿಯೊಗಳು ಮುಚ್ಚುವುದು ಮಡಕೆ ಕೆಟ್ಟದಾಗಿ ಬಂತೆಂದಲ್ಲ, ಲೆಕ್ಕ ಇಡಲಿಲ್ಲವೆಂದು. ಕೆಳಗೆ ಹುಬ್ಬಳ್ಳಿಯವರಿಗೆ ಕೊಟ್ಟ ಉತ್ತರವನ್ನು ಮಗಳಿಗೆ ಓದಿಸಿ. ಆ ಲೆಕ್ಕವನ್ನು ತಾನೇ ಮಾಡಬಲ್ಲಳಾದರೆ ಅರ್ಧ ಕೆಲಸ ಕಲಿತಂತೆ.

ಪ್ರಶ್ನೆ: ಮೈಸೂರಿನಲ್ಲಿ ಸ್ವಂತ ಮನೆ, ಎರಡನೇ ಮಹಡಿಯ ಮೇಲೆ ತಾರಸಿ. ಅಲ್ಲಿ ಕಿಲ್ನ್ ಇಡಬಹುದೇ? ವಿದ್ಯುತ್ತಿನದೋ ಗ್ಯಾಸಿನದೋ? ಸಿಂಗಲ್ ಫೇಸ್ ಸಂಪರ್ಕವಿದೆ. – ಓದುಗರು, ಮೈಸೂರು

ಉತ್ತರ: ಈ ಕಸುಬಿನ ಜೀವ ಇರುವುದು ತಿಗರಿಯಲ್ಲಲ್ಲ, ಕಿಲ್ನ್‌ನಲ್ಲಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇವೆ.

ವಿದ್ಯುತ್ತಿನದೇ ಇರಲಿ. ಗ್ಯಾಸ್ ಕಿಲ್ನ್‌ನಲ್ಲಿ ಹೊಗೆಯ ಜ್ವಾಲೆಯಿಂದ ಬರುವ ಬಣ್ಣಗಳು ಸುಂದರ, ನಿಜ. ಆದರೆ ಆ ಹೊತ್ತಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಸಿಲಿಂಡರಿನಿಂದ ಗ್ಯಾಸ್ ಜೋರಾಗಿ ಎಳೆದಾಗ ಅದು ತಣ್ಣಗಾಗಿ ಮೈಮೇಲೆ ಮಂಜು ಕಟ್ಟಿ ಒತ್ತಡ ಬೀಳುತ್ತದೆ, ಆದ್ದರಿಂದ 19 ಕಿಲೋದ ವಾಣಿಜ್ಯ ಸಿಲಿಂಡರುಗಳನ್ನು ಎರಡು, ನಾಲ್ಕು ಒಟ್ಟಿಗೆ ಜೋಡಿಸಬೇಕು. ಅಕ್ಕಪಕ್ಕ ಮನೆಗಳಿರುವ ಬೀದಿಯ ತಾರಸಿಗೆ ಅದು ತಕ್ಕದ್ದಲ್ಲ. ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಈ ಕೆಲಸಕ್ಕೆ ಬಳಸುವಂತೆಯೇ ಇಲ್ಲ.

ಒಳಗೋಡೆ 45 ಸೆಂ.ಮೀ. ಉದ್ದ, ಅಗಲ, ಎತ್ತರವಿರುವ, ಅಂದರೆ ಸುಮಾರು 90 ಲೀಟರಿನ ಕಿಲ್ನ್ ಒಬ್ಬರ ಸ್ಟುಡಿಯೊಗೆ ಸಾಕು. ಇದಕ್ಕೆ 7ರಿಂದ 9 ಕಿಲೋವ್ಯಾಟ್ ಬೇಕು. 7.5 ಕಿಲೋವ್ಯಾಟ್ ಕಿಲ್ನ್ ಸಿಂಗಲ್ ಫೇಸ್‌ನಲ್ಲಿ 32 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಮನೆಯ ವೈರಿಂಗ್ ಅದಕ್ಕೆ ಆಗುವುದಿಲ್ಲ. 9 ಕಿಲೋವ್ಯಾಟ್ ಮೂರು ಫೇಸ್‌ಗೆ ಹಂಚಿದರೆ ಒಂದೊಂದರಲ್ಲಿ 13 ಆಂಪಿಯರ್ ಅಷ್ಟೇ. ಹಾಗಾಗಿ ಮೊದಲ ಖರ್ಚು ಕಿಲ್ನ್‌ಗಲ್ಲ, ಚೆಸ್ಕಾಂ ಕಚೇರಿಯಲ್ಲಿ ಮೂರು ಫೇಸ್ ಸಂಪರ್ಕ ಮತ್ತು ಮಂಜೂರಾದ ಲೋಡ್ ಹೆಚ್ಚಿಸುವುದಕ್ಕೆ. ಮಾರಾಟಕ್ಕೆ ಮಾಡುವುದಾದರೆ ಗೃಹಬಳಕೆಯ ದರದಲ್ಲಿ ನಡೆಸಬಾರದು, ತಪಾಸಣೆಯಲ್ಲಿ ಸಿಕ್ಕಿದರೆ ದಂಡ. ಕಿಲ್ನ್‌ಗೆಂದೇ ಬೇರೆ ತಾಮ್ರದ ವೈರು, ಬೇರೆ ಎಂ.ಸಿ.ಬಿ., ಬೇರೆ ಅರ್ತಿಂಗ್ ಹಾಕಿಸಿ.

ಇಟ್ಟಿಗೆಯ ಕಿಲ್ನ್ ತೂಕ 300 ಕಿಲೋ ದಾಟಬಹುದು. ಎರಡನೇ ಮಹಡಿಗೆ ಹೇಗೆ ಏರಿಸುತ್ತೀರಿ, ಎಲ್ಲಿ ತೊಲೆ ಇದೆ ಎಂಬುದನ್ನು ಎಂಜಿನಿಯರಿಗೆ ತೋರಿಸಿ, ತೊಲೆಯ ಮೇಲೆ ಬರುವಂತೆ ಇಡಿ. ಗೋಡೆಯಿಂದ ಒಂದೂವರೆ ಅಡಿ ದೂರ, ಮೇಲೆ ತಗಡಿನ ಮಾಡು, ಎರಡು ಕಡೆ ಗಾಳಿ. ಮಳೆ ಹನಿ ಬಿಸಿ ಕಿಲ್ನ್ ಮೇಲೆ ಬಿದ್ದರೆ ಇಟ್ಟಿಗೆಯೂ ಹೋಯಿತು, ತಂತಿಯೂ ಹೋಯಿತು.

ಯಾವ ಉಷ್ಣತೆಗೆ ಕೆಲಸ ಮಾಡುತ್ತೀರಿ ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿ. ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಸುಟ್ಟ ಗಟ್ಟಿ ಪಾತ್ರೆ) ಎಂದರೆ 1280 ಡಿಗ್ರಿಯೇ ಆಗಬೇಕೆಂದು ಹಟ ಹಿಡಿಯುವವರಿದ್ದಾರೆ. ವಿದ್ಯುತ್ ಕಿಲ್ನ್‌ಗೆ 1220ರ ಆಸುಪಾಸು ಸಾಕು ಎನ್ನುತ್ತೇವೆ ನಾವು. ಆ ಅರವತ್ತು ಡಿಗ್ರಿಯ ಹೆಚ್ಚಳ ಕಿಲ್ನ್ ಕಾಯಿಸುವ ಕಾಂತಲ್ ತಂತಿಯ ಆಯುಷ್ಯವನ್ನು ತುಂಬಾ ಕಡಿಮೆ ಮಾಡುತ್ತದೆ. ಮೀಟರಿನ ಅಂಕಿಯನ್ನು ಮಾತ್ರ ನಂಬಬೇಡಿ, ಒಳಗೆ ಕೋನ್, ಅಂದರೆ ಗೊತ್ತಾದ ಬಿಸಿಗೆ ಬಾಗುವ ಸಣ್ಣ ಮೊನೆಗಡ್ಡಿ, ಇಡಿ. ಮಣ್ಣು ಬೇಯುವುದು ಉಷ್ಣತೆಯೊಂದರಿಂದಲ್ಲ, ಆ ಉಷ್ಣತೆಯಲ್ಲಿ ಕಳೆದ ಹೊತ್ತಿನಿಂದಲೂ. ಕೋನ್ ಬಾಗುವುದು ಎರಡೂ ಸೇರಿದಾಗ.

ಇಲ್ಲೊಂದು ಗುಂಡಿಯಿದೆ, ಬೀಳದವರು ಕಡಿಮೆ. ಕೋನ್ 6 ಎಂದರೆ ಸುಮಾರು 1222 ಡಿಗ್ರಿ. ಕೋನ್ 06 ಎಂದರೆ ಸುಮಾರು 1000. ಮುಂದಿನ ಸೊನ್ನೆ ಲೆಕ್ಕಕ್ಕಿಲ್ಲ ಎಂದುಕೊಂಡು ಕೆಂಪು ಮಣ್ಣಿನ ಪಾತ್ರೆಗಳನ್ನು ಕೋನ್ 6ಕ್ಕೆ ಸುಟ್ಟರೆ, ಬಾಗಿಲು ತೆಗೆದಾಗ ಪಾತ್ರೆ ಇರುವುದಿಲ್ಲ. ಕಿಲ್ನ್‌ನೊಳಗಿನ ಹಲಗೆಯ ಮೇಲೆ ಕಂದು ಗಾಜಿನ ಕೊಚ್ಚೆ ಇರುತ್ತದೆ, ಹಲಗೆಯೂ ಅದರ ಜೊತೆಗೇ ಹೋಗುತ್ತದೆ.

ಮೊದಲ ಸುಡುವಿಕೆಗೆ, ಅಂದರೆ ಬಿಸ್ಕ್‌ಗೆ, ಈ ಕ್ರಮ ಸುರಕ್ಷಿತ: 90 ಡಿಗ್ರಿಯವರೆಗೆ ಗಂಟೆಗೆ 60 ಡಿಗ್ರಿಯಂತೆ ಏರಿಸಿ, ಅಲ್ಲೇ ಎರಡು ಗಂಟೆ ನಿಲ್ಲಿಸಿ. ದಪ್ಪ ಪಾತ್ರೆಗಳಿದ್ದರೆ ರಾತ್ರಿಯಿಡೀ. ಆಮೇಲೆ 600ರವರೆಗೆ ಗಂಟೆಗೆ 100. ಮಣ್ಣಿನ ಕಣದಲ್ಲೇ ರಾಸಾಯನಿಕವಾಗಿ ಬೆರೆತ ನೀರು ಹೊರಬೀಳುವುದು 350ರಿಂದ 600ರ ನಡುವೆ. 573ರಲ್ಲಿ ಬೆಣಚು ದಿಢೀರನೆ ಹಿಗ್ಗುತ್ತದೆ, ಇಳಿಯುವಾಗ ಅದೇ ಅಂಕಿಯಲ್ಲಿ ಕುಗ್ಗುತ್ತದೆ. ಏರುವಾಗಲೂ ಇಳಿಯುವಾಗಲೂ ಅಲ್ಲಿ ಅವಸರ ಬೇಡ. 600 ದಾಟಿದ ಮೇಲೆ ಗಂಟೆಗೆ 150ರಂತೆ 980ರವರೆಗೆ. ಒಟ್ಟು ಹತ್ತು ಹನ್ನೊಂದು ಗಂಟೆ. ಮೇಲಿನ ಕಿಂಡಿ 600ರವರೆಗಾದರೂ ತೆರೆದಿರಲಿ. ಆರಿದ ಮೇಲೆ 100 ಡಿಗ್ರಿಗೆ ಇಳಿಯುವ ತನಕ ಬಾಗಿಲು ಮುಟ್ಟಬೇಡಿ. 200ರಲ್ಲಿ ‘ಸ್ವಲ್ಪ ಇಣುಕಿ’ ನೋಡಿದವರಿಗೆ ಟಿಂಗ್ ಟಿಂಗ್ ಸದ್ದು ಕೇಳಿಸುತ್ತದೆ, ಅದು ಪಾತ್ರೆ ಸೀಳುವ ಸದ್ದು.

ಪ್ರಶ್ನೆ: ಮಳೆಗಾಲದಲ್ಲಿ ನಾನು ಮಾಡಿದ ಕಪ್ಪುಗಳಲ್ಲಿ ಅರ್ಧಕ್ಕರ್ಧ ಬಿರುಕು. ಕೆಲವು ಕಿಲ್ನ್‌ನಲ್ಲೇ ಸಿಡಿದವು. ಮಣ್ಣೇ ಸರಿಯಿಲ್ಲವೇ? – ಓದುಗರು, ಶಿರಸಿ

ಉತ್ತರ: ಬಿರುಕು ಎಲ್ಲಿದೆ ಎಂದು ನೀವು ಬರೆದಿಲ್ಲ. ಜಾಗ ನೋಡಿದರೆ ಕಾರಣ ಸಿಗುತ್ತದೆ.

ತಳದ ನಡುವೆ ಇಂಗ್ಲಿಷಿನ ಎಸ್ ಆಕಾರದ ಸೀಳಿದ್ದರೆ, ತಿಗರಿಯ ಮೇಲೆ ತಳವನ್ನು ಒತ್ತಲಿಲ್ಲ ಎಂದರ್ಥ. ಗೋಡೆ ಎತ್ತುವ ಮುನ್ನ ಮರದ ಪಟ್ಟಿಯಿಂದ ತಳವನ್ನು ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಮೂರು ನಾಲ್ಕು ಸಲ ಒತ್ತಿ ತೀಡಿ. ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆಯಿರಿ. ಹಿಡಿ ಕೂಡುವಲ್ಲಿ ಬಿರುಕಿದ್ದರೆ ಕಪ್ಪು ಒಣಗಿತ್ತು, ಹಿಡಿ ಹಸಿಯಿತ್ತು. ಎರಡೂ ಒಂದೇ ಹದದಲ್ಲಿರಬೇಕು: ಉಗುರೊತ್ತಿದರೆ ಗುರುತು ಬೀಳಬೇಕು, ಎತ್ತಿದರೆ ಬಾಗಬಾರದು. ಗೀರು ಹಾಕಿ, ಅದೇ ಮಣ್ಣಿನ ರಾಡಿ ಹಚ್ಚಿ ಕೂಡಿಸಿ, ಎರಡು ದಿನ ಪ್ಲಾಸ್ಟಿಕ್ ಮುಚ್ಚಿಡಿ. ಒಳಗಿನ ತೇವ ಸಮ ಆದ ಮೇಲೆ ತೆಗೆಯಿರಿ. ಬಾಯಂಚಿನಿಂದ ಕೆಳಗಿಳಿದ ಬಿರುಕಿಗೆ ಸಾಮಾನ್ಯವಾಗಿ ಫ್ಯಾನ್ ಕಾರಣ. ಗಾಳಿ ಬಡಿಯುವ ಕಡೆ ಮೊದಲು ಒಣಗಿ ಕುಗ್ಗುತ್ತದೆ, ಇನ್ನೊಂದು ಕಡೆ ಹಿಡಿದೆಳೆಯುತ್ತದೆ. ಬಾಯಿ ಗಟ್ಟಿಯಾದ ಕೂಡಲೇ ಬೋರಲು ಹಾಕಿದರೆ ತಳವೂ ಬಾಯಿಯೂ ಒಟ್ಟಿಗೆ ಒಣಗುತ್ತವೆ.

ಸಿಡಿತದ್ದು ಬೇರೆಯೇ ಕಥೆ. ಒಳಗೆ ಗಾಳಿಗುಳ್ಳೆ ಇದ್ದರೆ ಸಿಡಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸಿಡಿಸುವುದು ಗಾಳಿಯಲ್ಲ, ನೀರು. ನೂರು ಡಿಗ್ರಿ ದಾಟಿದಾಗ ಉಳಿದ ತೇವ ಆವಿಯಾಗಿ, ಹೊರಹೋಗಲು ದಾರಿಯಿಲ್ಲದೆ ಒಡೆದುಕೊಂಡು ಬರುತ್ತದೆ. ನಿಮ್ಮೂರಿನ ಜುಲೈನಲ್ಲಿ ಹತ್ತು ದಿನ ಇಟ್ಟರೂ ಪಾತ್ರೆ ಪೂರ್ತಿ ಒಣಗಿರುವುದಿಲ್ಲ, ಬಣ್ಣ ಮಾತ್ರ ಒಣಗಿದಂತೆ ಕಾಣುತ್ತದೆ. ಕೆನ್ನೆಗೆ ಇಟ್ಟು ನೋಡಿ, ತಣ್ಣಗೆ ತಾಗಿದರೆ ಹಸಿ. ಇನ್ನೂ ಖಚಿತವಾಗಬೇಕಾದರೆ ಒಂದು ಕಪ್ಪನ್ನು ದಿನಾ ತೂಗಿ, ಎರಡು ದಿನ ತೂಕ ಬದಲಾಗದಿದ್ದರೆ ಕಿಲ್ನ್‌ಗೆ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಹಾಗೆ ತೂಕ ನಿಂತ ಮೇಲೂ ಗಾಳಿಯಿಂದ ಹೀರಿದ ತೇವ ಇರುತ್ತದೆ. 80–90 ಡಿಗ್ರಿಯಲ್ಲಿ ಕಿಂಡಿ ತೆರೆದು ರಾತ್ರಿಯಿಡೀ ಇಡುವುದು ಬಿಟ್ಟರೆ ಬೇರೆ ಉಪಾಯವಿಲ್ಲ. ಮಣ್ಣನ್ನು ಬೈಯಬೇಡಿ.

ಪ್ರಶ್ನೆ: ನಮ್ಮೂರ ಕೆರೆಯ ಜೇಡಿಮಣ್ಣಿನಲ್ಲೇ ಕಾಫಿ ಕಪ್ ಮಾಡಿ ಗ್ಲೇಜ್ ಹಚ್ಚಿ 1000 ಡಿಗ್ರಿಗೆ ಸುಟ್ಟೆ. ನೋಡಲು ಚೆಂದ. ಆದರೆ ಮೇಜಿನ ಮೇಲೆ ಒದ್ದೆ ಉಂಗುರ ಬೀಳುತ್ತದೆ. – ಓದುಗರು, ತುಮಕೂರು

ಉತ್ತರ: ಮಣ್ಣು ಇನ್ನೂ ರಂಧ್ರಮಯ, ಗ್ಲೇಜಿನಲ್ಲಿ ಕಣ್ಣಿಗೆ ಕಾಣದ ಬಲೆಬಿರುಕು. ಕಾಫಿ ಅದರೊಳಗಿಂದ ಇಳಿದು ತಳದಿಂದ ಒಸರುತ್ತದೆ. ಕೆಲವು ವಾರದಲ್ಲಿ ತಳ ಕಪ್ಪಾಗಿ ವಾಸನೆ ಬರುತ್ತದೆ. ಗಿರಾಕಿ ಅದನ್ನು ವಾಪಸ್ ತರುವುದಿಲ್ಲ, ಇನ್ನೊಮ್ಮೆ ಬರುವುದೂ ಇಲ್ಲ.

ಪರೀಕ್ಷೆ ಸುಲಭ. ಗ್ಲೇಜ್ ಇಲ್ಲದ ಸುಟ್ಟ ಚೂರನ್ನು ಒಣಗಿಸಿ ತೂಗಿ. ಐದು ಗಂಟೆ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ಒಂದು ದಿನ ಬಿಟ್ಟು, ಮೈ ಒರೆಸಿ ಮತ್ತೆ ತೂಗಿ. 350 ಗ್ರಾಂ ಇದ್ದದ್ದು 364 ಆದರೆ ಹೀರಿದ್ದು ಶೇ 4. ಕಪ್ಪಿಗೆ ಅದು ಹೆಚ್ಚು, ಶೇ 2ರ ಒಳಗೆ ಬರಬೇಕು. ಕೆರೆಮಣ್ಣನ್ನು ಅಲ್ಲಿಗೆ ತರಲು ಇನ್ನಷ್ಟು ಬಿಸಿ ಮಾಡುತ್ತೇನೆ ಎಂದರೆ ಸಾಮಾನ್ಯವಾಗಿ 1100ರ ಆಸುಪಾಸಿನಲ್ಲಿ ಉಬ್ಬಲು, ಕುಸಿಯಲು ಶುರು. ಅದರಲ್ಲಿನ ಕಬ್ಬಿಣವೇ ಕರಗಿಸುವ ಕೆಲಸ ಮಾಡುತ್ತದೆ. ಕಾಫಿ ಕಪ್ಪಿಗೆ ಬಾಲ್ ಕ್ಲೇ, ಚೈನಾ ಕ್ಲೇ, ಫೆಲ್ಡ್‌ಸ್ಪಾರ್, ಬೆಣಚು ಬೆರೆಸಿದ ಸ್ಟೋನ್‌ವೇರ್ ಮಣ್ಣು ಕೊಳ್ಳಿ. ಕೆರೆಮಣ್ಣನ್ನು ಹೂಕುಂಡ, ಹಣತೆ, ಮೊಸರಿನ ಕುಡಿಕೆ, ನೀರಿನ ಹೂಜಿಗೆ ಇಟ್ಟುಕೊಳ್ಳಿ. ಹೂಜಿಗೆ ಒಸರುವುದೇ ಗುಣ. ಹೊರಮೈಯಿಂದ ನೀರು ಆರುವಾಗ ಒಳಗಿನ ನೀರಿನ ಶಾಖ ಎಳೆದುಕೊಂಡು ತಣ್ಣಗಾಗಿಸುತ್ತದೆ.

ಇನ್ನೊಂದು: ಕಡಿಮೆ ಉಷ್ಣತೆಯ ಗ್ಲೇಜ್ ಎಂದು ಸಡಿಲ ಪುಡಿ ಕೊಂಡಿದ್ದರೆ ಅದರಲ್ಲಿ ಸೀಸ ಇದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಸೀಸ ಕಡಿಮೆ ಬಿಸಿಗೆ ಕರಗಿ ಹೊಳಪು ಕೊಡುತ್ತದೆ, ಹುಳಿ ತಾಗಿದರೆ ಬಿಟ್ಟುಕೊಳ್ಳುತ್ತದೆ. ನಿಂಬೆಹೋಳನ್ನು ರಾತ್ರಿಯಿಡೀ ಗ್ಲೇಜಿನ ಮೇಲೆ ಇಟ್ಟು ಬೆಳಿಗ್ಗೆ ಬಣ್ಣ ಮಾಸಿದ್ದರೆ ಆ ಗ್ಲೇಜ್ ಊಟದ ಪಾತ್ರೆಗೆ ಬೇಡ. ಮಾಸದಿದ್ದರೆ ಸುರಕ್ಷಿತ ಎಂದೇನೂ ಅಲ್ಲ. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.

ಪ್ರಶ್ನೆ: ನಮ್ಮದು ಕುಂಬಾರಿಕೆಯ ಮನೆತನ. ಅಪ್ಪ ಈಗಲೂ ಗಡಿಗೆ, ಒಲೆ ಮಾಡುತ್ತಾರೆ. ನಾನು ಡಿಪ್ಲೊಮಾ ಮಾಡಿ ಊರಿಗೆ ಬಂದು ಅವರ ಜೊತೆ ಕೂರಬೇಕೆಂದಿದ್ದೇನೆ. ಓದಿದವನಿಗೆ ಯಾಕೆ ಈ ಕೆಸರು ಎನ್ನುತ್ತಾರೆ ಊರವರು. ಸರ್ಕಾರದ ನೆರವು ಸಿಗುತ್ತದೆಯೇ? – ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಬೆಂಗಳೂರಿನಲ್ಲಿ ಗಂಟೆಗೆ ಇಷ್ಟು ಎಂದು ಹಣ ಕೊಟ್ಟು ಜನ ಕಲಿಯುತ್ತಿರುವುದು ನಿಮ್ಮ ತಂದೆಯವರ ಕೈಯಲ್ಲಿದೆ. ಯಾವ ಕೆರೆಯ ಮಣ್ಣಿಗೆ ಎಷ್ಟು ಮರಳು, ಎಷ್ಟು ಬೂದಿ ಎಂಬ ಅವರ ಲೆಕ್ಕವನ್ನು ಮೊದಲು ಬರೆದುಕೊಳ್ಳಿ, ಬುಟ್ಟಿಯ ಲೆಕ್ಕವನ್ನು ಕಿಲೋಗೆ ತಿರುಗಿಸಿ.

ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆ ಇದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದದ್ದು. ವಯಸ್ಸು 18 ಆಗಿರಬೇಕು, ಕಸುಬನ್ನು ಸ್ವತಃ ಕೈಯಾರೆ ಮಾಡುತ್ತಿರಬೇಕು, ಕುಟುಂಬದಲ್ಲಿ ಒಬ್ಬರಿಗೆ ಮಾತ್ರ, ಸರ್ಕಾರಿ ನೌಕರರಿರುವ ಕುಟುಂಬಕ್ಕಿಲ್ಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಣಿ, ಗ್ರಾಮ ಪಂಚಾಯಿತಿಯಲ್ಲಿ ಪರಿಶೀಲನೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿಯ ನೆರವು, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ. ತಂದೆಯ ಹೆಸರಿನಲ್ಲೋ ನಿಮ್ಮ ಹೆಸರಿನಲ್ಲೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಿ, ಇಬ್ಬರೂ ಅರ್ಜಿ ಹಾಕಿದರೆ ತೊಡಕು.

ದೊಡ್ಡದಾಗಿ ಮಾಡುವುದಿದ್ದರೆ ಪಿ.ಎಂ.ಇ.ಜಿ.ಪಿ. (ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಇದೆ. ಹೊಸ ಘಟಕಕ್ಕೆ ಮಾತ್ರ. ಹಳ್ಳಿಯಲ್ಲಿ ಹಿಂದುಳಿದ ವರ್ಗದವರಿಗೆ ಯೋಜನಾ ವೆಚ್ಚದ ಶೇ 35ರವರೆಗೆ ಸಹಾಯಧನ, ಕೈಯಿಂದ ಹಾಕಬೇಕಾದದ್ದು ಶೇ 5. ಒಂದು ಎಚ್ಚರಿಕೆ: ಇದನ್ನು ಪಡೆದರೆ ಐದು ವರ್ಷ ವಿಶ್ವಕರ್ಮದ ಸಾಲ ಸಿಗುವುದಿಲ್ಲ. ಯಾವುದು ಮೊದಲು ಎಂಬುದನ್ನು ಯೋಚಿಸಿಯೇ ಹೆಜ್ಜೆ ಇಡಿ.

ಹಣ ಬಂದ ಕೂಡಲೇ ವಿದ್ಯುತ್ ಕಿಲ್ನ್ ಕೊಳ್ಳಬೇಡಿ. ಮೊದಲು ವಿದ್ಯುತ್ ತಿಗರಿ, ಮಣ್ಣು ಕಲಸುವ ಯಂತ್ರ. ಮಣ್ಣು ತುಳಿಯುವ ಶ್ರಮ ತಪ್ಪಿದರೆ ತಂದೆಯವರು ಇನ್ನಷ್ಟು ವರ್ಷ ತಿಗರಿಯ ಮುಂದೆ ಕೂರುತ್ತಾರೆ. ಸುಡಲು ನಿಮ್ಮ ಸೌದೆಯ ಆವಿಗೆಯೇ ಇರಲಿ. ಬಯಲು ಆವಿಗೆಯ ಬದಲು ಗೋಡೆ ಕಟ್ಟಿ ಕೆಳಗಿಂದ ಬೆಂಕಿ ಕೊಡುವ ಆವಿಗೆ ಮಾಡಿಸಿದರೆ ಸೌದೆಯೂ ಒಡಕೂ ಕಡಿಮೆ. ನಿಮ್ಮ ಗಡಿಗೆಗೆ ಗ್ಲೇಜ್ ಹಚ್ಚಿ ಪೇಟೆಯ ಪಾತ್ರೆಯಂತೆ ಮಾಡಲು ಹೋಗಬೇಡಿ. ಒಲೆಯ ಮೇಲೆ ಉರಿ ತಡೆಯುವುದು ಅದರ ರಂಧ್ರಮಯ ಮೈ. ಅಷ್ಟು ದುಬಾರಿಯ ಸ್ಟೋನ್‌ವೇರ್ ಪಾತ್ರೆಯನ್ನು ನೇರ ಉರಿಗೆ ಇಟ್ಟರೆ ಸೀಳುತ್ತದೆ. ಮಾರುವಾಗ ಪ್ರತಿ ಗಡಿಗೆಯ ಜೊತೆ ಪಳಗಿಸುವ ಕ್ರಮ ಬರೆದ ಚೀಟಿ ಇಡಿ: ಒಂದು ದಿನ ನೀರಿನಲ್ಲಿ ಮುಳುಗಿಸಿ, ಆಮೇಲೆ ಅಕ್ಕಿ ತೊಳೆದ ನೀರು ತುಂಬಿ ಸಣ್ಣ ಉರಿಯಲ್ಲಿ ಕುದಿಸಿ, ತಾನಾಗಿ ಆರಲು ಬಿಡಿ. ಪೇಟೆಯವರು ಒಡೆದುಕೊಳ್ಳುವುದು ಇದು ಗೊತ್ತಿಲ್ಲದೆ.

ಪ್ರಶ್ನೆ: ಕಪ್ಪಿಗೆ 250 ರೂಪಾಯಿ ಇಟ್ಟಿದ್ದೇನೆ. ಎಲ್ಲವೂ ಮಾರಾಟವಾಗುತ್ತದೆ, ತಿಂಗಳ ಕೊನೆಗೆ ಕೈ ಖಾಲಿ. ತಪ್ಪೆಲ್ಲಿ? – ಓದುಗರು, ಹುಬ್ಬಳ್ಳಿ

ಉತ್ತರ: ಎಲ್ಲವೂ ಮಾರಾಟವಾಗುತ್ತಿರುವುದೇ ಸುಳಿವು. ಉದಾಹರಣೆಗೆ ಕೆಲವು ಅಂಕಿ ಇಟ್ಟು ಲೆಕ್ಕ ಹಾಕೋಣ, ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿ.

90 ಲೀಟರ್ ಕಿಲ್ನ್‌ನಲ್ಲಿ ಒಂದು ಸಲಕ್ಕೆ ಸುಮಾರು 40 ಕಪ್ ಹಿಡಿಯುತ್ತವೆ. ತಲಾ 400 ಗ್ರಾಂ ಮಣ್ಣು, ಒಟ್ಟು 16 ಕಿಲೋ, ಕಿಲೋಗೆ 30 ರೂಪಾಯಿಯಂತೆ 480. ಗ್ಲೇಜ್ 400. ಎರಡು ಸುಡುವಿಕೆಗೆ ನೂರು ಯೂನಿಟ್, ಯೂನಿಟ್‌ಗೆ 8 ರೂಪಾಯಿಯಂತೆ 800. ತಂತಿ, ಹಲಗೆಗಳ ಸವಕಳಿಗೆ 500. ತಿಂಗಳಿಗೆ ನಾಲ್ಕು ಸಲ ಕಿಲ್ನ್ ತುಂಬುತ್ತೀರಿ, ಬಾಡಿಗೆ 8,000 ಎಂದರೆ ಒಂದು ಸಲಕ್ಕೆ 2,000. ನಿಮ್ಮ ಕೆಲಸ 20 ಗಂಟೆ, ಗಂಟೆಗೆ 200ರಂತೆ 4,000. ಒಟ್ಟು 8,180 ರೂಪಾಯಿ.

40ರಿಂದ ಭಾಗಿಸಿದರೆ 205 ಬರುತ್ತದೆ. ಬಹುಶಃ ನೀವು ಹೀಗೇ ಭಾಗಿಸಿ 250 ಇಟ್ಟಿದ್ದೀರಿ. ಆದರೆ ಮಾರಲು ಯೋಗ್ಯವಾಗಿ ಹೊರಬರುವುದು 40 ಅಲ್ಲ. ಬಿರುಕು, ಗ್ಲೇಜ್ ಜಾರಿ ಹಲಗೆಗೆ ಅಂಟಿದ್ದು, ಗುಳ್ಳೆ ಎದ್ದದ್ದು ಕಳೆದು 30 ಉಳಿದರೆ ತಲಾ 273. ಅಲ್ಲಿಗೆ ಪ್ರತಿ ಕಪ್ಪಿಗೆ 23 ರೂಪಾಯಿ ನಷ್ಟ. ಅಂಗಡಿಯಲ್ಲಿ ಇಟ್ಟು ಮಾರಿದರೆ ಅವರು ಸಾಮಾನ್ಯವಾಗಿ ಶೇ 30ರಿಂದ 50 ಹಿಡಿಯುತ್ತಾರೆ. ಶೇ 40 ಎಂದರೂ 273 ನಿಮ್ಮ ಕೈಗೆ ಬರಬೇಕಾದರೆ ಚೀಟಿಯ ಬೆಲೆ 455. ಇದರಲ್ಲಿ ಲಾಭ ಇಲ್ಲ, ಕೂಲಿ ಮಾತ್ರ. ತಿಂಗಳ 120 ಕಪ್ಪೂ ಅಂಗಡಿಯಲ್ಲಿ ಹೋದರೆ ಕೂಲಿ 16,000. ಅದೇ ಬೆಲೆಗೆ ನೀವೇ ನೇರ ಮಾರಿದರೆ ಖರ್ಚು ಕಳೆದು 37,880. ಆದರೆ ನೇರ ಮಾರಾಟಕ್ಕೆ ಸಂತೆ, ಪೊಟ್ಟಣ, ಫೋಟೊ, ಫೋನು ಎಂದು ಇನ್ನೊಂದು ಇಪ್ಪತ್ತು ಗಂಟೆ ಬೇರೆ. ನೇರ ಮಾರುವಾಗಲೂ ಬೆಲೆ 455ರಿಂದ ಇಳಿಸಬೇಡಿ. ನೀವೇ ಕಡಿಮೆಗೆ ಮಾರಿದರೆ ಯಾವ ಅಂಗಡಿಯವರೂ ನಿಮ್ಮ ಕಪ್ ಇಡುವುದಿಲ್ಲ.

ಬೆಲೆ ಏರಿಸುವುದಕ್ಕಿಂತ ಒಡಕು ಇಳಿಸುವುದು ಸುಲಭ. 40ರಲ್ಲಿ 36 ಉಳಿದರೆ ತಲಾ ಖರ್ಚು 227ಕ್ಕೆ ಇಳಿಯುತ್ತದೆ. ಕಿಲ್ನ್ ಪಕ್ಕ ಒಂದು ಪುಸ್ತಕ ಇಡಿ: ಎಷ್ಟು ಇಟ್ಟೆ, ಎಷ್ಟು ಉಳಿಯಿತು, ಕೆಟ್ಟದ್ದು ಯಾವ ಕಾರಣಕ್ಕೆ, ಯಾವ ಹಲಗೆಯಲ್ಲಿ. ನಾಲ್ಕು ಸಲ ಬರೆದರೆ ಒಂದೇ ಕಾರಣ ಮತ್ತೆ ಮತ್ತೆ ಕಾಣುತ್ತದೆ. ಗ್ಲೇಜ್ ಜಾರುವುದೇ ಹೆಚ್ಚಿದ್ದರೆ ತಳದಿಂದ 5 ಮಿ.ಮೀ. ಗ್ಲೇಜ್ ಒರೆಸಿ ಬಿಡಿ. ಅಲ್ಲಲ್ಲಿ ಗ್ಲೇಜ್ ಮುದುರಿ ಮಣ್ಣು ಕಾಣುತ್ತಿದ್ದರೆ ಬಿಸ್ಕ್ ಮೇಲೆ ದೂಳು ಅಥವಾ ಕೈಯ ಎಣ್ಣೆ ಇದೆ, ಒದ್ದೆ ಸ್ಪಂಜಿನಿಂದ ಒರೆಸಿ ಹಚ್ಚಿ.

ಕಾರ್ಯಾಗಾರ ನಡೆಸಿ ಬಾಡಿಗೆ ತೂಗಿಸುವ ಸ್ಟುಡಿಯೊಗಳು ಎಷ್ಟೋ ಇವೆ. ಅದು ಅವಮಾನವಲ್ಲ. ಕಲಿಸುವುದು ಸೇವೆಯ ಲೆಕ್ಕಕ್ಕೆ ಬರುತ್ತದೆ. ಸರಕು ಮಾತ್ರ ಮಾರುವವರಿಗೆ ಜಿ.ಎಸ್.ಟಿ. ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು, ಸೇವೆ ಸೇರಿದರೆ 20 ಲಕ್ಷ ಎಂಬುದು ನೆನಪಿರಲಿ.

ಪ್ರಶ್ನೆ: ಸ್ಟುಡಿಯೊ ಗುಡಿಸುವಾಗ ಕೆಮ್ಮು ಬರುತ್ತದೆ. ಮಾಸ್ಕ್ ಹಾಕಿದರೆ ಸಾಕೇ? – ಓದುಗರು, ಮಂಗಳೂರು

ಉತ್ತರ: ಗುಡಿಸುವುದನ್ನೇ ನಿಲ್ಲಿಸಿ. ಒಣ ಮಣ್ಣಿನ ದೂಳಿನಲ್ಲಿ ಸಿಲಿಕಾ ಇದೆ. ಅತಿ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ, ಶ್ವಾಸಕೋಶದ ಆಳಕ್ಕೆ ಇಳಿದರೆ ಹೊರಬರುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಪೊರಕೆಯ ಬದಲು ಒದ್ದೆ ಬಟ್ಟೆ, ನೀರು. ಒಣಗಿದ ಪಾತ್ರೆಯನ್ನು ಉಜ್ಜುವುದಿದ್ದರೆ ಒದ್ದೆ ಸ್ಪಂಜಿನಿಂದ ಉಜ್ಜಿ. ಗ್ಲೇಜ್ ಪುಡಿ ತೂಗುವಾಗ ಎನ್-95 ಹಾಕಿ, ಫ್ಯಾನ್ ಆರಿಸಿ. ಪುಡಿಗೆ ನೀರು ಹಾಕಬೇಡಿ, ನೀರಿಗೆ ಪುಡಿ ಹಾಕಿ, ದೂಳು ಏಳುವುದು ಕಡಿಮೆ. ಸ್ಟುಡಿಯೊದ ಬಟ್ಟೆಯಲ್ಲೇ ಮನೆಯೊಳಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ. ಕೆಮ್ಮು ಮೂರು ವಾರ ದಾಟಿದ್ದರೆ ವೈದ್ಯರಿಗೆ ತೋರಿಸಿ, ಮಣ್ಣಿನ ಕೆಲಸ ಮಾಡುತ್ತೇನೆಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ.